ಕುರ್ಚಿ ಕೆಳಗಿನ ಸಂಚಿ ಟೊಮೇಟೊ

ನನ್ನದು ಸುಟ್ಟ ಕೈ. ಇದು ನಾನು ಹೇಳುವ ಮಾತಲ್ಲ, ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗಿನಿಂದ ಎಲ್ಲರೂ ಹೇಳಿಕೊಂಡು ಬಂದದ್ದು. ನಾನು ನೆಟ್ಟ ಗುಲಾಬಿ ಒಣಗಿತು, ಪುದೀನ ಕೊಳೆಯಿತು. ನೀರೇ ಬೇಡದ ಕಳ್ಳಿ ಗಿಡ ಕೂಡ ನನ್ನ ಕೈಗೆ ಬಂದ ಮೇಲೆ ಮೆತ್ತಗಾಗಿ, ಒಂದು ಬೆಳಿಗ್ಗೆ ಕುಂಡದಲ್ಲೇ ಮಗುಚಿಕೊಂಡಿತು. ನಾದಿನಿಯಂತೂ ತವರಿಗೆ ಬಂದಾಗಲೆಲ್ಲ, "ಅತ್ತಿಗೆ, ನೀವು ಪ್ಲಾಸ್ಟಿಕ್ ಹೂವು ಇಟ್ಕೊಳ್ಳಿ, ಅದಾದ್ರೂ ಬದುಕುತ್ತೆ" ಎಂದು ಹಲ್ಲು ಬಿಡುತ್ತಿದ್ದಳು. ನಾನೂ ನಗುತ್ತಿದ್ದೆ. ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು, ಅದು ಬೇರೆ ವಿಷಯ.

ನಮ್ಮತ್ತೆಯದು ಇದಕ್ಕೆ ತದ್ವಿರುದ್ಧ. ಅವರು ಒಣ ಕಡ್ಡಿ ಚುಚ್ಚಿದರೂ ಚಿಗುರುತ್ತದೆ ಎಂದು ಬೀದಿಗೆ ಬೀದಿಯೇ ಹೇಳುತ್ತದೆ. ಅವರಿಗೊಂದು ಅಭ್ಯಾಸವಿದೆ. ಮನೆಯಲ್ಲಿ ಏನೇ ಚೆನ್ನಾಗಿ ಆದರೂ ಅದು ಯಾರ ಕೈಯದು ಎಂದು ಬಂದವರಿಗೆ ಹೇಳಲೇಬೇಕು. ಯಾರಾದರೂ ದಾಸವಾಳ ನೋಡಿ ನಿಂತರೆ "ಅದು ನನ್ನ ಕೈದು." ದಿಂಬಿನ ಕಸೂತಿ ಮೆಚ್ಚಿದರೆ "ಅದು ನನ್ನ ಮಗಳ ಕೈದು." ಸೋಫಾದಲ್ಲಿ ಕೂತು ಆಹಾ ಎಂದರೆ "ನನ್ನ ಮಗನ ಕೈದು." ಆ ಸೋಫಾದ ಕವರು ಹೊಲಿದವಳು ನಾನು, ಬಾಗಿಲಿನ ಪರದೆ ಹೊಲಿದವಳೂ ನಾನೇ. "ಸೊಸೆ ಕೈದು" ಎಂಬ ಮಾತು ಮಾತ್ರ ಆ ಬಾಯಿಂದ ಒಂದು ಸಲವೂ ಉದುರಿದ್ದಿಲ್ಲ. ಕೆಟ್ಟವರಲ್ಲ ಅವರು. ನನಗೆ ಜ್ವರ ಬಂದರೆ ಪಕ್ಕ ಬಿಟ್ಟು ಏಳುವುದಿಲ್ಲ. ಆದರೆ ಹೊಗಳುವಾಗ ಕೈ ಬಿಗಿ.

ಅವರ ಕೈಯ ಹೆಮ್ಮೆಯೆಂದರೆ ಸಂಚಿ ಟೊಮೇಟೊ. ಅಂಗಡಿಯಲ್ಲಿ ಸಿಗುವ ನುಣ್ಣನೆಯ ದುಂಡು ಹಣ್ಣಲ್ಲ ಇದು. ಬಾಯಿಯ ದಾರ ಎಳೆದ ದುಡ್ಡಿನ ಸಂಚಿಯ ಹಾಗೆ ಮೈಯೆಲ್ಲ ನೆರಿಗೆ. ಪೂರ್ತಿ ಹಣ್ಣಾದರೂ ತೊಟ್ಟಿನ ಸುತ್ತ ಹಸಿರು ಹೋಗುವುದಿಲ್ಲ. ಎಲೆಯೂ ಬೇರೆ. ಉಳಿದ ಟೊಮೇಟೊ ಗಿಡಗಳ ಎಲೆ ಗರಗಸದ ಹಾಗೆ ಕಚ್ಚು ಕಚ್ಚಾಗಿದ್ದರೆ, ಇದರದ್ದು ಆಲೂಗಡ್ಡೆ ಎಲೆಯಂತೆ ಅಗಲ, ಅಂಚು ನಯ. ನೋಡಲು ಎಷ್ಟೇ ಸೊಟ್ಟಗಿರಲಿ, ಹೆಚ್ಚಿ ಚೂರು ಉಪ್ಪು ಉದುರಿಸಿ ಬಾಯಿಗಿಟ್ಟರೆ ಜಗಳ ಆಡುತ್ತಿದ್ದವರೂ ಸುಮ್ಮನಾಗುತ್ತಾರೆ. ಬೀಜ ಅತ್ತೆಗೆ ಅವರ ತಾಯಿ ಕೊಟ್ಟದ್ದು. ಆ ತಾಯಿಗೆ ಯಾರು ಕೊಟ್ಟರೋ ಯಾರಿಗೂ ಗೊತ್ತಿಲ್ಲ. ನಾದಿನಿಗೂ ಒಂದು ಪಾಲು ಹೋಗಿತ್ತು. ಒಂದು ವರ್ಷ ಇದ್ದ ಹಣ್ಣನ್ನೆಲ್ಲ ತಿಂದು, ಬೀಜ ತೆಗೆದಿಡುವುದನ್ನು ಮರೆತಳು, ಅಲ್ಲಿಗೆ ಮುಗಿಯಿತು. ಈಗ ಅದು ಉಳಿದಿದ್ದು ನಮ್ಮ ಮನೆಯಲ್ಲಿ ಮಾತ್ರ.

ನಮ್ಮ ಯಜಮಾನರದ್ದು ಕುರ್ಚಿ, ಸೋಫಾ ರಿಪೇರಿ ಕೆಲಸ. ಮನೆಯ ಮುಂದಿನ ಕೋಣೆಯೇ ಅವರ ವರ್ಕ್‌ಶಾಪು. ಸ್ಪ್ರಿಂಗು, ಸ್ಪಂಜು, ರೆಕ್ಸಿನ್ನು, ಮೂಲೆ ತುಂಬ ಕೋರಾ ಬಟ್ಟೆಯ ಸುರುಳಿಗಳು. ಇಂಥ ಮನೆಯಲ್ಲಿ ಬೀಜವನ್ನೂ ಬಟ್ಟೆಯಲ್ಲೇ ಇಡುತ್ತಾರೆ. ಅತ್ತೆ ಹಣ್ಣಿನ ತಿರುಳನ್ನು ಲೋಟದಲ್ಲಿ ಹುಳಿಯಲು ಬಿಡುತ್ತಾರೆ. ಮೇಲೆ ಬೂಷ್ಟು ಕಟ್ಟಿದ ಮೇಲೆ ತೊಳೆದು, ಬೀಜವನ್ನು ಕೋರಾ ಬಟ್ಟೆಯ ಮೇಲೆ ಹರಡುತ್ತಾರೆ. ಒಣಗಿದಾಗ ಬೀಜ ಬಟ್ಟೆಗೇ ಕಚ್ಚಿಕೊಳ್ಳುತ್ತದೆ. ಅದನ್ನು ಸುತ್ತಿ, ಕೆಂಪು ದಾರ ಕಟ್ಟಿ, ವರ್ಕ್‌ಶಾಪಿನ ಅಟ್ಟದ ಮೇಲಿಡುತ್ತಾರೆ, ಮನೆಯಲ್ಲಿ ಎಲ್ಲಕ್ಕಿಂತ ಒಣ ಜಾಗ ಅದೇ. ಬಿತ್ತುವಾಗ ಬಟ್ಟೆಯನ್ನೇ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮಣ್ಣಿಗೆ ಹಾಕಿದರಾಯಿತು.

ಈ ವರ್ಷ ಅತ್ತೆಯ ಕೈ ನಡುಗತೊಡಗಿತು. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ಅದನ್ನು ನೋಡಿದ್ದೇ ನಾದಿನಿ ಪಟ್ಟು ಹಿಡಿದಳು.

"ಅಮ್ಮಾ, ಬೀಜ ನನಗೆ ಕೊಡು. ಅತ್ತಿಗೆ ಕೈಗೆ ಕೊಟ್ರೆ ಮುಗೀತು ಕತೆ."

"ನಿನ್ನ ಕೈಗೆ ಕೊಟ್ಟಿದ್ದು ಏನಾಯ್ತೇ?" ಎಂದೆ ನಾನು. ಸುಮ್ಮನಿರುವ ಜಾಯಮಾನ ನನ್ನದಲ್ಲ.

"ನಾನು ಮರೆತೆ ಅತ್ತಿಗೆ. ನೀವಾದ್ರೆ ಕೊಲ್ತೀರಿ."

ಅತ್ತೆ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ತೀರ್ಪು ಕೊಟ್ಟರು. "ಈ ಸಲ ಇವಳು ಬೆಳೀಲಿ. ಹಣ್ಣು ಬಂತೋ, ಬೀಜ ಈ ಮನೇಲೇ ಇರುತ್ತೆ. ಬರ್ಲಿಲ್ವೋ, ಉಳಿದಿದ್ದನ್ನೆಲ್ಲ ಮಗಳು ತಗೊಂಡು ಹೋಗ್ಲಿ."

"ಆಗ್ಲಿ, ಹಣ್ಣಾದ ದಿನ ಬರ್ತೀನಿ" ಎಂದಳು ನಾದಿನಿ. "ಆಗದೇ ಇದ್ರೂ ಬರ್ತೀನಿ."

ಅವಳು ಹೊರಟ ಮೇಲೆ ಅದೇ ಹುಮ್ಮಸ್ಸಿನಲ್ಲಿ ಏಣಿ ಹಾಕಿ ಅಟ್ಟ ಹತ್ತಿದೆ. ಸುರುಳಿ ಮಂಗಮಾಯ. ಹಳೇ ಸ್ಪಂಜು ಸರಿಸಿದೆ, ಡಬ್ಬಿಗಳನ್ನು ಎತ್ತಿದೆ, ಕೆಮ್ಮಿದೆ. ಇಲ್ಲ ಎಂದರೆ ಇಲ್ಲ.

"ರೀ, ಇಲ್ಲಿದ್ದ ಸುರುಳಿ ಎಲ್ಲಿ?"

"ಯಾವ ಸುರುಳಿ?" ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೇಳಿದರು ನಮ್ಮವರು.

"ಕೆಂಪು ದಾರ ಕಟ್ಟಿದ್ದು."

ಮೊಳೆಗಳು ಒಂದೊಂದಾಗಿ ಬಾಯಿಂದ ಹೊರಗೆ ಬಂದವು. ಅವರು ಮೊಳೆ ತೆಗೆದಿಟ್ಟು ಮಾತಾಡುತ್ತಾರೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ.

"ಸ್ಪ್ರಿಂಗ್ ಕಟ್ಟೋಕೆ ದಾರ ಮುಗಿದಿತ್ತು ಕಣೆ. ಅಟ್ಟದ ಮೇಲೆ ಕೆಂಪುದೊಂದು ಕಾಣಿಸ್ತು, ಗಟ್ಟಿಯಾಗಿತ್ತು, ಬಿಚ್ಕೊಂಡೆ."

"ಬಿಚ್ಚಿದ ಸುರುಳಿ?"

"ಬೇರೆ ಸುರುಳಿಗಳ ಜೊತೆ ಇಟ್ಟೆ. ಅಷ್ಟರಲ್ಲಿ ಕಟಿಂಗ್ ಶಾಪಿನವನು ಕುರ್ಚಿ ಅರ್ಜೆಂಟು ಅಂತ ತಲೆ ಮೇಲೆ ಕೂತ. ಕುರ್ಚಿ ತಳಕ್ಕೆ ಬಟ್ಟೆ ಹೊಡೀಬೇಕಿತ್ತು. ಕೈಗೆ ಸಿಕ್ಕಿದ್ದು ತಗೊಂಡೆ..." ಮಾತು ಅಲ್ಲಿಗೇ ನಿಂತಿತು. "ಏನೋ ತರಿ ತರಿ ಅಂತಿತ್ತು. ಧೂಳು ಅಂದ್ಕೊಂಡು ಒದರಿದೆ."

"ಒದರಿದ್ರಾ!"

"ಒಂದೇ ಸಲ ಕಣೆ."

ಪಿತ್ತ ನೆತ್ತಿಗೇರಿತು. ಕುರ್ಚಿಯ ಹೊಟ್ಟೆಯಲ್ಲಿರುವ ಸ್ಪ್ರಿಂಗು ಕೆಳಗಿನಿಂದ ಕಾಣಬಾರದೆಂದು ಹೊಡೆಯುವ ಬಟ್ಟೆಯಿದೆಯಲ್ಲ, ಅದಾಗಿತ್ತು ಅತ್ತೆಯ ತಾಯಿ ಕೊಟ್ಟ ಬೀಜ. ಏಣಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ.

"ಏನೇ ಅದು ಗಲಾಟೆ?" ಒಳಗಿನಿಂದ ಅತ್ತೆ ಕೂಗಿದರು.

"ಏನಿಲ್ಲ ಅತ್ತೆ, ಇವರು ಮೊಳೆ ನುಂಗಿದ್ರೇನೋ ಅಂದ್ಕೊಂಡೆ" ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗಂಡಸರ ಕಟಿಂಗ್ ಶಾಪಿಗೆ ನಾನು ಎಂದೂ ಕಾಲಿಟ್ಟವಳಲ್ಲ. ಬಾಗಿಲು ತಳ್ಳಿದೆ. ಒಳಗೆ ಹರಟುತ್ತಿದ್ದವರೆಲ್ಲ ಗಪ್‌ಚಿಪ್ಪಾದರು. ಹೊಸ ಕೆಂಪು ರೆಕ್ಸಿನ್ ಹೊದ್ದ ಕುರ್ಚಿಯಲ್ಲಿ ಶಾಲೆಯ ಮೇಷ್ಟ್ರು ಕೂತಿದ್ದರು, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ನೊರೆ.

"ಮೇಷ್ಟ್ರೇ, ಏಳಿ" ಎಂದೆ.

"ಯಾಕಮ್ಮಾ?"

"ನೀವು ನಮ್ಮತ್ತೆಯ ಟೊಮೇಟೊ ಮೇಲೆ ಕೂತಿದ್ದೀರಿ."

ಮೇಷ್ಟ್ರು ತಟ್ಟನೆ ಎದ್ದು ಪ್ಯಾಂಟಿನ ಹಿಂಭಾಗ ಮುಟ್ಟಿ ನೋಡಿಕೊಂಡರು. ನಾನು ವಿಷಯ ಹೇಳಿದೆ. ಕಟಿಂಗ್ ಶಾಪಿನವನು ಕುರ್ಚಿಯ ಕೈಯನ್ನು ಮಗುವಿನ ಕೈ ಹಿಡಿದಂತೆ ಹಿಡಿದುಕೊಂಡ.

"ಅಕ್ಕಾ, ಈ ಅಂಗಡೀಲಿ ಹೊಸದು ಅಂತ ಇರೋದು ಇದೊಂದೇ. ಬಿಚ್ಚೋದು ಬೇಡ."

"ತಳ ಮಾತ್ರ. ಹೊಸ ಬಟ್ಟೆ ಹೊಡೆದು ಕೊಡಿಸ್ತೀನಿ. ನೀವು ಬೇಡ ಅಂದ್ರೂ ನಾನು ಬಿಚ್ಚೋಳೇ."

ನನ್ನ ಮುಖ ನೋಡಿದ ಮೇಲೆ ಅವನಿಗೆ ನಂಬಿಕೆ ಬಂತು. "ಹಾಗಾದ್ರೆ ಮೊದಲನೇ ಹಣ್ಣು ನನಗೆ."

"ಮೊದಲನೇದು ನಮ್ಮತ್ತೆಗೆ. ಎರಡನೇದು ನಮ್ಮ ನಾದಿನಿ ಬಾಯಿಗೆ. ಮೂರನೇದು ನಿಮಗೆ."

"ನನಗೆ?" ಎಂದರು ಮೇಷ್ಟ್ರು.

"ನಿಮಗೆ ವಾಸನೆ ತೋರಿಸ್ತೀನಿ."

ಅಷ್ಟರಲ್ಲಿ ನಮ್ಮವರು ಇಕ್ಕಳ ಹಿಡಿದು ಏದುಸಿರು ಬಿಡುತ್ತ ಬಂದರು. ಕುರ್ಚಿಯನ್ನು ಮಗುಚಿ ಹಾಕಿ, ಒಂದೊಂದೇ ಮೊಳೆ ಕಿತ್ತರು. ಬಟ್ಟೆ ಸರಿದಾಗ ಮೊದಲು ಕಂಡದ್ದು ಕೆಂಪು ದಾರ, ಸ್ಪ್ರಿಂಗಿನ ಕುತ್ತಿಗೆಗೆ ಅಚ್ಚುಕಟ್ಟಾಗಿ ಬಿಗಿದಿತ್ತು. ಬಟ್ಟೆಯ ನಡುಭಾಗ ನೋಡಿದೆ. ಸ್ಪ್ರಿಂಗು ಉಜ್ಜಿ ಉಜ್ಜಿ ಅಲ್ಲಿ ಏನೂ ಉಳಿದಿರಲಿಲ್ಲ. ಚೌಕಟ್ಟಿನ ಮರಕ್ಕೆ ಒತ್ತಿಕೊಂಡಿದ್ದ ಒಂದು ಅಂಚಿನಲ್ಲಿ ಮಾತ್ರ, ಮೊಳೆ ತೂತುಗಳ ನಡುವೆ, ಒಂದಿಷ್ಟು ಬೀಜ ಅಲುಗಾಡದೆ ಕಚ್ಚಿಕೊಂಡು ಕೂತಿದ್ದವು. ನೆಲದ ಮೇಲೆ ಮಂಡಿಯೂರಿ, ಕತ್ತರಿಸಿದ ಕೂದಲಿನ ರಾಶಿಯ ನಡುವೆ, ಆ ಪಟ್ಟಿಯನ್ನು ಕತ್ತರಿಸಿಕೊಂಡೆ. ಹೊರಡುವಾಗ ಕಟಿಂಗ್ ಶಾಪಿನವನು ತಲೆಗೆ ನೀರು ಚಿಮುಕಿಸುವ ಬಾಟಲಿಯೊಂದನ್ನು ನನ್ನ ಕೈಗಿತ್ತ.

"ಇದರಲ್ಲೇ ನೀರು ಹಾಕಿ ಅಕ್ಕಾ. ಬಕೆಟ್ ಹಿಡ್ಕೊಂಡು ಮಾತ್ರ ಹೋಗ್ಬೇಡಿ."

ನನ್ನ ಕೈಗುಣದ ಕೀರ್ತಿ ಕಟಿಂಗ್ ಶಾಪಿನವರೆಗೂ ಹಬ್ಬಿದೆ ಎಂದು ಗೊತ್ತಾಗಿದ್ದು ಆಗಲೇ. ಮುಖ ಊದಿಸಿಕೊಂಡೇ ಬಾಟಲಿ ತೆಗೆದುಕೊಂಡೆ.

ಅತ್ತೆಯ ಮುಂದೆ ಪಟ್ಟಿ ಹಿಡಿದಾಗ ಅವರು ಕಣ್ಣಿನ ಹತ್ತಿರ ತಂದು ನೋಡಿದರು. "ಇದೇನೇ, ಬೀಜಕ್ಕೆ ಕೂದಲು ಬಂದಿದೆ?"

ಇನ್ನು ಮುಚ್ಚಿಡುವಂತಿರಲಿಲ್ಲ. ಹೇಳಿಬಿಟ್ಟೆ. ನಮ್ಮವರು ಬಾಗಿಲ ಸಂದಿಯಲ್ಲಿ ನಿಂತು ಕಾಲಬೆರಳಲ್ಲಿ ನೆಲ ಕೆರೆಯುತ್ತಿದ್ದರು. ಅತ್ತೆ ಬೈಯುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು.

"ಊರ ಗಂಡಸರೆಲ್ಲ ಸರದಿ ಮೇಲೆ ಕಾವು ಕೂತಿದ್ದಾರಲ್ಲೇ! ಇನ್ನು ಮೊಳೆಯದೇ ಏನು ಮಾಡುತ್ತೆ?" ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದರು, "ಆದ್ರೆ ಇಷ್ಟೇ ಕಣೆ ಉಳಿದಿರೋದು. ಇದು ಹೋದ್ರೆ ಮಗಳಿಗೆ ಕೊಡೋಕೂ ಏನಿಲ್ಲ."

ಅಲ್ಲಿಯವರೆಗೆ ಇದು ನನಗೂ ನಾದಿನಿಗೂ ನಡುವಿನ ಜಿದ್ದಾಗಿತ್ತು. ಈಗ ನನಗೆ ನಿಜಕ್ಕೂ ಭಯವಾಯಿತು.

ಅಗಲ ಬಾಯಿಯ ಡಬ್ಬಿಯಲ್ಲಿ ಮಣ್ಣು ತುಂಬಿ, ಪಟ್ಟಿಯನ್ನು ಮಲಗಿಸಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದೆ. ಕಿಟಕಿಯ ಬಿಸಿಲಿಗಿಟ್ಟೆ. ಬಾಟಲಿಯಿಂದ ಚಿಮುಕಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಹೋದೆ. ಮಣ್ಣು ಒದ್ದೆಯಾಗಿಯೇ ಇತ್ತು, ಆದರೂ ಬಾಟಲಿ ಎತ್ತಿದೆ.

"ಇಡು ಕೆಳಗೆ" ಎಂದರು ಮಂಚದ ಮೇಲಿಂದ ಅತ್ತೆ. "ನಿನ್ನದು ಸುಟ್ಟ ಕೈಯಲ್ಲ ಕಣೆ. ಸುಮ್ನಿರದ ಕೈ. ಆ ಕಳ್ಳಿಗೆ ಬಾಯಾರೋದಕ್ಕೆ ಒಂದು ದಿನಾನಾದ್ರೂ ಬಿಟ್ಟಿದ್ಯಾ ನೀನು?"

ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಒಂದು ಗುಲಾಬಿಯಾದರೂ ಉಳಿಯುತ್ತಿತ್ತು. ಅಂದಿನಿಂದ ಕೈ ತುರಿಸಿದಾಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತೆ. ವರ್ಕ್‌ಶಾಪಿನಲ್ಲಿ ಬಾಕಿ ಬಿದ್ದಿದ್ದ ಕವರುಗಳೆಲ್ಲ ಮುಗಿದು, ಮುಂದೆ ಯಾವಾಗಲೋ ಬರುವ ಸೋಫಾಗಳಿಗೂ ಕವರು ತಯಾರಾದವು. ನಮ್ಮವರಿಗೆ ಸುಗ್ಗಿಯೋ ಸುಗ್ಗಿ. ಆದರೂ ಬಾಯಿ ಬಿಟ್ಟು ಏನೂ ಹೇಳುವ ಧೈರ್ಯವಿರಲಿಲ್ಲ.

ನಾದಿನಿ ಫೋನು ಮಾಡುತ್ತಲೇ ಇದ್ದಳು. "ಮೊಳೀತಾ ಅತ್ತಿಗೆ?" ನಾನು, "ನಿನ್ನ ಮಕ್ಕಳು ಹುಷಾರಾಗಿದ್ದಾರಾ?" ಎಂದು ಮಾತು ತೇಲಿಸುತ್ತಿದ್ದೆ.

ಒಂದು ಬೆಳಿಗ್ಗೆ ನೋಡುತ್ತೇನೆ, ಮಣ್ಣು ಅಲ್ಲಲ್ಲಿ ಉಬ್ಬಿದೆ. ಬಾಗಿದ ಬೆನ್ನಿನ ಹಾಗೆ ಪುಟ್ಟ ಕಾಂಡಗಳು. ಒಂದರ ತಲೆಗೆ ಬೀಜದ ಸಿಪ್ಪೆ ಟೋಪಿಯಂತೆ ಅಂಟಿಕೊಂಡೇ ಇತ್ತು. "ಅತ್ತೇ!" ಎಂದು ನಾನು ಕಿರುಚಿದ ಅಬ್ಬರಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದರು. ಅವುಗಳಲ್ಲಿ ಕೆಲವು ಬುಡ ಕರಗಿ ಮಲಗಿದವು. ಬಾಟಲಿ ಮುಟ್ಟದೆ ಹಲ್ಲು ಕಚ್ಚಿ ಕೂತೆ. ಮೂರು ಉಳಿದವು. ಮುಂದೆ ಮೊಳಕೆಯ ಎಲೆಗಳ ನಡುವಿನಿಂದ ನಿಜವಾದ ಎಲೆ ಬಿಚ್ಚಿಕೊಂಡಾಗ ಡಬ್ಬಿಯನ್ನು ಅತ್ತೆಯ ಮಡಿಲಿಗಿಟ್ಟೆ. ಅವರು ನಡುಗುವ ಬೆರಳಿನಿಂದ ಎಲೆಯ ಅಂಚು ಸವರಿದರು.

"ನಯ ಇದೆ" ಎಂದರು. "ನಮ್ಮದೇ."

ಅಂದು ನಾನೇ ಫೋನು ಮಾಡಿದೆ. "ಮೊಳೀತು ಕಣೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ಹಿತ್ತಲಿನ ಗೋಡೆಗೆ ಬಿಸಿಲು ಬೀಳುವ ಕಡೆ ಕುಣಿ ತೋಡಿ, ಕೆಳಗಿನ ಎಲೆ ಕಿತ್ತು, ಅರ್ಧ ಕಾಂಡ ಮಣ್ಣೊಳಗೆ ಹೋಗುವಂತೆ ನೆಟ್ಟೆ. ಅಷ್ಟು ಆಳಕ್ಕೆ ಹೂತರೆ ಕಾಂಡವೇ ಬೇರು ಬಿಡುತ್ತದೆ ಎಂದು ಹೇಳಿಕೊಟ್ಟವರು ಅತ್ತೆ. ಅವರು ತಮ್ಮ ಕುರ್ಚಿಯನ್ನು ಹಿತ್ತಲ ಬಾಗಿಲಿಗೇ ಹಾಕಿಸಿಕೊಂಡಿದ್ದರು. ನಮ್ಮವರು ಪಾಪ ಕಳೆದುಕೊಳ್ಳುವಂತೆ ದುಡಿದರು. ಮುರಿದ ಕುರ್ಚಿ ಕಾಲುಗಳನ್ನು ತಂದು ಆಸರೆಗೆ ನೆಟ್ಟರು, ಸೋಫಾದ ಪಟ್ಟಿಯಿಂದ ಗಿಡ ಕಟ್ಟಿದರು. ಕಟಿಂಗ್ ಶಾಪಿನವನು ಅಂಗಡಿ ಮುಚ್ಚಿ ಹೋಗುವಾಗ ಇಣುಕಿ, "ನನ್ನ ಕುರ್ಚಿ ಮಕ್ಕಳು ಹೇಗಿದಾರೆ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದ.

ಹೂವು ಬಂತು. ಪರಾಗ ಉದುರಲೆಂದು ಕೊಂಬೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಕಾಯಿ ಕಚ್ಚಿತು, ನೆರಿಗೆ ನೆರಿಗೆಯಾಗಿ ಊದಿತು. ಮೊದಲನೆಯ ಕಾಯಿಗೆ ಕೆಂಪು ತಿರುಗಿದ ದಿನವೇ ಯಾವುದೋ ಹಕ್ಕಿ ಬಂದು ಅದರ ಹೊಟ್ಟೆ ಬಗೆದು ಹೋಯಿತು. ನೋಡಿ ನನ್ನ ಕಣ್ಣಲ್ಲಿ ನೀರೇ ಬಂತು. ಅಳುತ್ತ ಕೂತರೆ ಉಳಿದವೂ ಹಕ್ಕಿಯ ಪಾಲು. ಸೀದಾ ಯಂತ್ರದ ಮುಂದೆ ಕೂತೆ. ಹಳೇ ಸೊಳ್ಳೆ ಪರದೆ ಕತ್ತರಿಸಿ ಒಂದೊಂದು ಕಾಯಿಗೂ ಒಂದೊಂದು ಸಂಚಿ ಹೊಲಿದೆ, ಬಾಯಿಗೆ ದಾರ ಪೋಣಿಸಿ. ಕತ್ತಲಾಗುವುದರೊಳಗೆ ಗಿಡದ ತುಂಬ ಸಂಚಿಯೊಳಗೆ ಸಂಚಿ ತೂಗುತ್ತಿತ್ತು. ಅತ್ತೆ ಬಾಗಿಲಲ್ಲಿ ಕೂತು ತುಂಬ ಹೊತ್ತು ಅದನ್ನೇ ನೋಡಿದರು.

ಹಣ್ಣಾದ ದಿನ ನಾದಿನಿ ಬಂದಳು, ಕೈಯಲ್ಲಿ ಒಂದು ಬುಟ್ಟಿ. ಒಳಗೆ ಅಂಗಡಿಯ ದುಂಡು ಟೊಮೇಟೊ.

"ಇರ್ಲಿ ಅಂತ ತಂದೆ ಅತ್ತಿಗೆ. ಅಮ್ಮನಿಗೆ ಬೇಜಾರಾಗಬಾರದು ನೋಡಿ."

ನಾನು ಮಾತಾಡಲಿಲ್ಲ. ನಂಬಿ, ನಾನು ಮಾತಾಡಲಿಲ್ಲ! ಅವಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದೆ. ಗೋಡೆಯೆತ್ತರಕ್ಕೆ ನಿಂತ ಗಿಡಗಳನ್ನೂ ತೂಗುವ ಸಂಚಿಗಳನ್ನೂ ನೋಡಿ ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ದಾರ ಎಳೆದೆ. ಅಂಗೈ ತುಂಬುವ ಹಣ್ಣು, ಸೊಟ್ಟಗೆ, ನೆರಿಗೆಯಾಗಿ, ತೊಟ್ಟಿನ ಸುತ್ತ ಹಸಿರಿಟ್ಟುಕೊಂಡು ನನ್ನ ಕೈಗೆ ಬಂತು. ತೊಳೆದು ಹೆಚ್ಚಿ ಉಪ್ಪು ಉದುರಿಸಿ ಅತ್ತೆಯ ಬಾಯಿಗೆ ನಾನೇ ಇಟ್ಟೆ. ರಸ ಅವರ ಗಲ್ಲದ ಮೇಲೆ ಇಳಿಯಿತು. ಅವರು ಕಣ್ಣು ಮುಚ್ಚಿಕೊಂಡರು.

ಎರಡನೆಯದು, ಮಾತು ಕೊಟ್ಟಂತೆ, ನಾದಿನಿ ಬಾಯಿಗೆ. ಅವಳು ಅಗಿಯುತ್ತಾ ಅಗಿಯುತ್ತಾ ನಿಧಾನವಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚಿಕ್ಕವಳಿದ್ದಾಗ ತಿಂದ ಹಾಗೇ ಇದೆ ಅತ್ತಿಗೆ. ನನ್ನ ಕೈಯಾರೆ ಕಳ್ಕೊಂಡೆನಲ್ಲ, ಅದಕ್ಕೇ ಅಷ್ಟು ಹಾರಾಡ್ತಿದ್ದೆ." ಆಮೇಲೆ ಮೂಗೆಳೆದುಕೊಂಡು, "ಬೀಜ ನಿಮ್ಮದೇ. ನನಗೊಂದು ತುಂಡು ಕತ್ತರಿಸಿ ಕೊಡ್ತೀರಾ?"

ಕೆಣಕಲು ನಾಲಿಗೆ ತುದಿಗೆ ಎಷ್ಟು ಮಾತು ಬಂದಿತ್ತೆಂದು ನನಗೇ ಗೊತ್ತು. "ನೋಡೋಣ, ಯೋಚನೆ ಮಾಡ್ತೀನಿ" ಎಂದು ಸ್ವಲ್ಪ ಹೊತ್ತು ಆಟ ಆಡಿಸಿದೆ. ಕೊನೆಗೆ ಅವಳ ಮುಖ ನೋಡಿ ನನಗೇ ತಡೆಯಲಿಲ್ಲ. "ಅರ್ಧ ಬಟ್ಟೆ ನಿನಗೇ ಕಣೆ. ಒಂದೇ ಮನೇಲಿ ಇಟ್ಟಿದ್ದಕ್ಕೇ ಅಲ್ವಾ ಮೇಷ್ಟ್ರು ಅದರ ಮೇಲೆ ಕೂರೋ ಹಾಗಾಗಿದ್ದು?"

ಅಷ್ಟರಲ್ಲಿ ಮೂರನೆಯ ಹಣ್ಣಿನ ವಾರಸುದಾರ ಬಾಗಿಲಿಗೆ ಬಂದಿದ್ದ, ಹಿಂದೆಯೇ ಮೇಷ್ಟ್ರು, ಈ ಸಲ ಎರಡೂ ಕೆನ್ನೆ ನುಣ್ಣಗೆ. ಕಟಿಂಗ್ ಶಾಪಿನವನು ಹೋಳು ಬಾಯಿಗೆ ಹಾಕಿಕೊಂಡ. ಅವನೂ ಸುಮ್ಮನಾದ. ಮೇಷ್ಟ್ರಿಗೆ ವಾಸನೆ ತೋರಿಸಿ, ಆಮೇಲೆ ಪಾಪ ಎನಿಸಿ ಅವರಿಗೂ ಒಂದು ಹೋಳು ಕೊಟ್ಟೆ.

"ಏನು ಹಣ್ಣು ಅಜ್ಜೀ ಇದು!" ಎಂದ ಕಟಿಂಗ್ ಶಾಪಿನವನು, ಬೆರಳು ಚೀಪುತ್ತ. "ನಿಮ್ಮ ಕೈ ಅಂದ್ರೆ ಕೈ."

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೊರಟಿದ್ದೆ. ಈ ಮಾತು ನನಗೆ ಹೊಸದೇನಲ್ಲವಲ್ಲ.

"ನನ್ನದಲ್ಲಪ್ಪಾ" ಎಂದರು ಅತ್ತೆ. ನಾದಿನಿಗೂ, ಮಗನಿಗೂ, ಗೋಡೆಯಾಚೆಯ ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿದರು. "ಇದು ನನ್ನ ಸೊಸೆ ಕೈದು."

ಹಿಗ್ಗಿ ಹೀರೇಕಾಯಿಯಾಗುವುದು ಎನ್ನುತ್ತಾರಲ್ಲ, ನಾನಾಗಿದ್ದು ಟೊಮೇಟೊ, ಕಿವಿಯವರೆಗೆ ಕೆಂಪಾಗಿ. ತಟ್ಟೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹಿಂದೆ ತಿರುಗಿದೆ.

"ಏನಂದ್ರಿ ಅತ್ತೆ?" ಎಂದೆ. "ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳಿ."

ಅವರು ಇನ್ನೊಂದು ಸಲ ಹೇಳಿದರು.